ಮಾವ ಕಡೆದ ಸಿಲಿಂಡರ್

ಕಳೆದ ತಿಂಗಳು ಶಿಡ್ಲಘಟ್ಟಕ್ಕೆ ಹೋಗಿದ್ದೆ. ಅಮೀರ್ ಜಾನ್ ಸಾಬರ ರೀಲಿಂಗ್ ಶೆಡ್ಡಿಗೆ ತಿರುಗುವ ಕಂಬಿಗೆ ತೊಡಿಸುವ ಎಂಟು ಬುಷ್ಷು ಮಾಡಿಕೊಟ್ಟಿದ್ದೆ, ಅವು ಸರಿಯಾಗಿ ಕೂರುತ್ತವೋ ಇಲ್ಲವೋ ನೋಡಬೇಕಿತ್ತು. ರೇಷ್ಮೆಗೂಡು ಬೇಯಿಸಿ ನೂಲು ತೆಗೆಯುವ ಶೆಡ್ಡಿನ ವಾಸನೆ ಹೊಸಬರಿಗೆ ತಡೆಯಲಾಗುವುದಿಲ್ಲ. ನಾನು ಕೆಂಚಾರ್ಲಹಳ್ಳಿಯಲ್ಲಿ ಹುಳು ಸಾಕುವ ಮನೆಯಲ್ಲಿ ಹುಟ್ಟಿದವಳು, ನನಗೆ ಅದೊಂದು ವಾಸನೆಯೇ ಅಲ್ಲ. ಆದರೆ ಅವತ್ತು ಬಾಯ್ಲರಿನಿಂದ ಬರುವ ಪೈಪಿನ ಜಾಯಿಂಟಿಗೆ ಯಾರೋ ಎಣ್ಣೆ ಬಿಟ್ಟಿದ್ದರು. ಆವಿಯ ಜೊತೆ ಎಣ್ಣೆ ಕಾಯುವ ವಾಸನೆ ಮೂಗಿಗೆ ಬಡಿದದ್ದೇ ತಡ, ಸ್ಪ್ಯಾನರ್ ಹಿಡಿದ ನನ್ನ ಕೈ ನಿಂತುಹೋಯಿತು.

"ಯಾಕಮ್ಮಾ, ತಲೆ ಸುತ್ತು ಬಂತಾ? ಚಾ ತರಿಸ್ಲಾ?" ಎಂದರು ಸಾಬರು.

"ಏನಿಲ್ಲ ಸಾಬ್ರೆ."

ಅವರು ನನ್ನ ಮುಖವನ್ನೂ ಪೈಪನ್ನೂ ನೋಡಿದರು. "ಉಸ್ತಾದ್ ನೆನಪಾದ್ರಾ?" ಎಂದರು.

ಉಸ್ತಾದ್ ಎಂದರೆ ನನ್ನ ಮಾವ, ನಮ್ಮೆಜಮಾನರ ತಂದೆ. ತಲೆಯಾಡಿಸಿ ಬುಷ್ಷಿನ ಕಡೆ ತಿರುಗಿದೆ. ಮಾವ ಹೋಗಿ ಮೂರು ವರ್ಷವಾಯಿತು. ಆ ಕೊನೆಯ ವರ್ಷದ ದಸರಾದಿಂದ ಸಂಕ್ರಾಂತಿಯವರೆಗೆ ನಡೆದದ್ದನ್ನು ನಾನು ಯಾರ ಮುಂದೆಯೂ ಮೊದಲಿನಿಂದ ಕೊನೆಯವರೆಗೆ ಹೇಳಿಲ್ಲ. ತುಂಡು ತುಂಡಾಗಿ ಹೇಳಿ ಸಾಕಾಗಿದೆ, ಅದಕ್ಕೇ ಈಗ ಕೂತು ಬರೆಯುತ್ತಿದ್ದೇನೆ.

ಚಿಂತಾಮಣಿಯಲ್ಲಿ ನಮ್ಮ ಮನೆಯ ಬೀದಿ ಕಡೆಯ ಕೋಣೆಯೇ ಮಾವನ ವರ್ಕ್‌ಶಾಪು. ನಾಲ್ಕೂವರೆ ಅಡಿಯ ಒಂದು ಲೇತು, ಒಂದು ಡ್ರಿಲ್ಲಿಂಗ್ ಮಿಷನ್ನು, ಒಂದು ಗ್ರೈಂಡರು, ಗೋಡೆಗೆ ಒತ್ತಿದ ಬೆಂಚು. ಅಡುಗೆಮನೆಗೂ ಅದಕ್ಕೂ ನಡುವೆ ಇದ್ದದ್ದು ಒಂದು ಪರದೆ. ಅನ್ನದ ತಟ್ಟೆಯಲ್ಲಿ ಕಬ್ಬಿಣದ ಸುರುಳಿ ಸಿಕ್ಕರೆ ನಮ್ಮ ಮನೆಯಲ್ಲಿ ಯಾರೂ ಬೆಚ್ಚುತ್ತಿರಲಿಲ್ಲ, ತೆಗೆದು ಪಕ್ಕಕ್ಕಿಟ್ಟು ಊಟ ಮುಂದುವರಿಸುತ್ತಿದ್ದೆವು.

ಮಾವನ ಹೆಸರು ನಾರಾಯಣಾಚಾರ್. ನಲವತ್ತು ವರ್ಷ ಆ ಲೇತಿನ ಮುಂದೆ ನಿಂತವರು. ಬೋರ್‌ವೆಲ್ ಪಂಪಿನ ಬುಷ್ಷು, ಟ್ರ್ಯಾಕ್ಟರಿನ ಪಿನ್ನು, ರೀಲಿಂಗ್ ಮಿಷನ್ನಿನ ಶಾಫ್ಟು, ಏನೇ ಸವೆದದ್ದನ್ನು ತಂದು ಮುಂದಿಟ್ಟರೂ ಅದು ಹೊಸದಾಗಿದ್ದಾಗ ಎಷ್ಟಿತ್ತೆಂದು ಬೆರಳಲ್ಲೇ ತಿಳಿದು ಹಾಗೇ ಮಾಡಿಕೊಡುತ್ತಿದ್ದರು. ಮಾತು ಕಡಿಮೆ. ಹೊಗಳಿಕೆ ಅದಕ್ಕಿಂತ ಕಡಿಮೆ. ಅವರ ಬಾಯಿಂದ "ಪರವಾಗಿಲ್ಲ" ಎಂದು ಬಂದರೆ ಊರಿನ ಮೆಕ್ಯಾನಿಕ್ಕುಗಳು ಅದನ್ನು ವರ್ಷಗಟ್ಟಲೆ ಹೇಳಿಕೊಂಡು ತಿರುಗುತ್ತಿದ್ದರು.

ಅವರ ಎರಡೂ ಕಿಡ್ನಿ ಕೈಕೊಟ್ಟಾಗ ವಾರಕ್ಕೆ ಮೂರು ಸಲ ಡಯಾಲಿಸಿಸ್ ಮಾಡಿಸಬೇಕೆಂದರು. ಆಗ ನಮಗೆ ಜಾಗ ಸಿಕ್ಕಿದ್ದು ಚಿಕ್ಕಬಳ್ಳಾಪುರದಲ್ಲಿ. ನಮ್ಮೆಜಮಾನರು ಗೌರಿಬಿದನೂರಿನ ಕಾರ್ಖಾನೆಯೊಂದರಲ್ಲಿ ಶಿಫ್ಟ್ ಕೆಲಸದಲ್ಲಿದ್ದರು, ವಾರದ ರಜೆಗೆ ಮಾತ್ರ ಮನೆಗೆ ಬರುತ್ತಿದ್ದರು. ಅತ್ತೆಗೆ ಬಸ್ಸು ಆಗದು. ಹಾಗಾಗಿ ನಾನು ಶಾಲೆಯಲ್ಲಿ ಸಮಾಜ ಪಾಠ ಹೇಳುವ ಕೆಲಸ ಬಿಟ್ಟು ಮಾವನ ಜೊತೆ ಓಡಾಡಲು ಶುರು ಮಾಡಿದೆ. ಬೆಳಗಿನ ಬಸ್ಸಿಗೆ ಹೊರಟರೆ ಶಿಡ್ಲಘಟ್ಟ ದಾಟಿ ಚಿಕ್ಕಬಳ್ಳಾಪುರ, ನಾಲ್ಕು ಗಂಟೆ ಮಿಷನ್ನು, ಮತ್ತೆ ಬಸ್ಸು. ಬೇರೆ ರೋಗಿಗಳು ಮಲಗಿ ನಿದ್ದೆ ಹೋಗುತ್ತಿದ್ದರು. ಮಾವ ಮಾತ್ರ ತಮ್ಮ ರಕ್ತ ತಿರುಗಿಸುವ ಪಂಪನ್ನೇ ನೋಡುತ್ತಾ ಇರುತ್ತಿದ್ದರು. "ಚೆನ್ನಾಗಿ ಮಾಡವ್ರೆ ಕಣಮ್ಮ. ಒಂದು ಚೂರೂ ತಡವರಿಸಲ್ಲ" ಎಂದು ನರ್ಸಮ್ಮನ ಮುಂದೆಯೂ ಹೇಳುತ್ತಿದ್ದರು.

ಹಾಗೆ ವಾಪಸ್ಸು ಬರುವಾಗ ಒಮ್ಮೆ, ಕಳವಾರದ ಬೆಟ್ಟ ಹಿಂದಕ್ಕೆ ಹೋಗುತ್ತಿರುವುದನ್ನು ಕಿಟಕಿಯಲ್ಲಿ ನೋಡುತ್ತಾ, ಕೇಳದೆಯೇ ಹೇಳಿದರು: "ಇಷ್ಟು ವರ್ಷ ಬೇರೆಯೋರ ಮುರಿದ ಸಾಮಾನು ರಿಪೇರಿ ಮಾಡ್ದೆ. ಒಂದಾದ್ರೂ ಇಡೀದು ನಾನೇ ಮಾಡಣ ಅನ್ಸುತ್ತೆ."

"ಏನು ಮಾಡ್ತೀರ ಮಾವ?"

"ಸ್ಟೀಮ್ ಇಂಜಿನ್ನು. ಚಿಕ್ಕದು, ಬೆಂಚಿನ ಮೇಲೆ ಕೂರೋವಷ್ಟು. ಬೇರೆ ಮಿಷನ್ನೆಲ್ಲ ಒಳಗಿಂದು ಮುಚ್ಚಿಟ್ಕೊತವೆ. ಅದೊಂದು ಹಂಗಲ್ಲ, ಎಲ್ಲಾ ಹೊರಗೇ ಕಾಣುತ್ತೆ."

ನಾನು ನಕ್ಕೆ. ರೋಗಿಗಳಿಗೆ ಏನೇನೋ ಆಸೆ ಬರುತ್ತದೆ, ಒಬ್ಬರಿಗೆ ಹೋಳಿಗೆ, ಒಬ್ಬರಿಗೆ ತಿರುಪತಿ. ನಮ್ಮ ಮಾವನಿಗೆ ಇದು ಎಂದುಕೊಂಡೆ. ಎಷ್ಟು ಗಟ್ಟಿಯಾದ ಆಸೆ ಎನ್ನುವುದು ನನಗೆ ಆಗ ತಿಳಿದಿರಲಿಲ್ಲ.

ಶ್ರಾವಣದಲ್ಲಿ ಬಾಯ್ಲರ್ ಮಾಡಿದರು. ತಾಮ್ರದ ದಪ್ಪ ಪೈಪು ಕತ್ತರಿಸಿ, ಎರಡೂ ಕಡೆ ಮುಚ್ಚಳ ಇಟ್ಟು, ಬೆಳ್ಳಿ ಬೆಸುಗೆ ಹಾಕಿದರು. ಅದು ಎರಡು ಮಗ್ಗು ನೀರು ಹಿಡಿಯುವಷ್ಟಿತ್ತು. ಆಮೇಲೆ ಫ್ಲೈವೀಲೆಂಬ ಭಾರದ ಚಕ್ರ, ಅದನ್ನು ತಿರುಗಿಸುವ ಕ್ರ್ಯಾಂಕು, ಸ್ಟ್ಯಾಂಡು. ಡಯಾಲಿಸಿಸ್ಸಿನ ಮರುದಿನ ಮಾತ್ರ ಅವರಿಗೆ ಕೈಯಲ್ಲಿ ಬಲ ಇರುತ್ತಿತ್ತು. ಆ ಹೊತ್ತನ್ನೆಲ್ಲ ಲೇತಿಗೆ ಕೊಟ್ಟರು. ಅಮೀರ್ ಜಾನ್ ಸಾಬರು ನೋಡಲು ಬಂದಾಗ ಬಾಯ್ಲರನ್ನು ಕೈಯಲ್ಲಿ ತಿರುಗಿಸಿ, "ಇದರ ಕಷ್ಟ ಯಾಕೆ ಉಸ್ತಾದ್? ನಮ್ ಶೆಡ್ಡಲ್ಲಿ ದಿನಾ ಸ್ಟೀಮ್ ಇರ್ತದೆ. ಒಂದು ಪೈಪ್ ಎಳೆದ್ರೆ ಆಯ್ತು, ಇಂಜಿನ್ ಓಡ್ತದೆ" ಎಂದರು.

"ಬ್ಯಾಡ ಸಾಬ್ರೆ. ನಿಮ್ಮ ಸ್ಟೀಮಲ್ಲಿ ಓಡಿದ್ರೆ ಅದೂ ನಿಮ್ಮ ಶೆಡ್ಡಿನ ರಿಪೇರಿ ಕೆಲಸಾನೇ ಆಯ್ತದೆ. ಬೆಂಕಿಯಿಂದ ಹಿಡಿದು ಚಕ್ರದ ತನಕ ಎಲ್ಲಾ ನಂದೇ ಇರ್ಲಿ" ಎಂದರು ಮಾವ. ಅಷ್ಟು ಉದ್ದದ ಮಾತು ಅವರಿಂದ ಬಂದದ್ದು ಅಪರೂಪ, ಸಾಬರು ಬಾಯ್ಲರನ್ನು ಮೆಲ್ಲಗೆ ಬೆಂಚಿನ ಮೇಲಿಟ್ಟರು.

ಕೊನೆಗೆ ಉಳಿದದ್ದು ಸಿಲಿಂಡರ್. ಇಡೀ ಇಂಜಿನ್ನಿನ ಜೀವ ಅದು. ಪಂಪಿನ ಬುಷ್ಷಿಗೆಂದು ಇಟ್ಟಿದ್ದ ಗನ್ ಮೆಟಲ್ ಎಂಬ ಹಿತ್ತಾಳೆಯಂಥ ಲೋಹದ ದಪ್ಪ ಸರಳಿನಿಂದ ಒಂದು ತುಂಡು ತೆಗೆದು, ಒಳಗೆ ಉದ್ದಕ್ಕೂ ನೇರ ತೂತು ಬರುವಂತೆ ಬೋರ್ ಮಾಡಿ, ಅದರೊಳಗೆ ಹೋಗಿಬರುವ ಪಿಸ್ಟನ್ ಕಡೆದರು. ಕಡೆದ ಮೇಲೆ ಎರಡನ್ನೂ ನುಣ್ಣನೆಯ ಪೇಸ್ಟು, ಎಣ್ಣೆ ಸವರಿ ಒಂದಕ್ಕೊಂದು ಉಜ್ಜುತ್ತಾ ಕೂತರು. ಉಜ್ಜುವುದು, ಸೀಮೆಎಣ್ಣೆಯಲ್ಲಿ ತೊಳೆಯುವುದು, ನೋಡುವುದು, ಮತ್ತೆ ಉಜ್ಜುವುದು. ಹೀಗೆ ಹನ್ನೆರಡು ದಿನ. ಮುಗಿದ ದಿನ ನನ್ನನ್ನು ಕರೆದರು.

"ಕೆಳಗೆ ಅಂಗೈ ಮುಚ್ಚು."

ಸಿಲಿಂಡರನ್ನು ನೆಟ್ಟಗೆ ಹಿಡಿದು ಕೆಳಬಾಯಿಗೆ ಅಂಗೈ ಒತ್ತಿದೆ. ಅವರು ಮೇಲಿನಿಂದ ಪಿಸ್ಟನ್ ಬಿಟ್ಟರು. ಅದು ಬೀಳಲಿಲ್ಲ. ಒಳಗಿನ ಗಾಳಿಯ ಮೇಲೆ ಕೂತುಕೊಂಡು, ಯಾರೋ ಹಗ್ಗ ಬಿಟ್ಟು ಇಳಿಸಿದ ಹಾಗೆ ಮೆಲ್ಲ ಮೆಲ್ಲಗೆ ಇಳಿಯಿತು. ಅಂಗೈ ತೆಗೆದ ತಕ್ಷಣ ಸರ್ರನೆ ಜಾರಿ ಕೈಗೆ ಬಿತ್ತು. ಮೂರು ಸಲ ಮಾಡಿಸಿದರು. ಮಾವನ ಮುಖದಲ್ಲಿ ಹಲ್ಲು ಕಾಣುವ ನಗು ನಾನು ಕಂಡದ್ದು ಅದೇ ಮೊದಲು. "ಇದೇ ಮೊದ್ಲು ಕಣಮ್ಮ, ಇಷ್ಟು ಚೆನ್ನಾಗಿ ಬಂದಿರೋದು. ನನ್ನ ಜನ್ಮದಲ್ಲಿ ಇದೇ ಮೊದ್ಲು" ಎಂದರು.

ಅದಾಗಿ ಎರಡನೆಯ ದಿನ ಆಯುಧಪೂಜೆ.

ಆಯುಧಪೂಜೆ ಎಂದರೆ ನಮ್ಮ ಮನೆಯಲ್ಲಿ ಹಬ್ಬಗಳ ಹಬ್ಬ. ಅವತ್ತು ಲೇತು ತಿರುಗುವುದಿಲ್ಲ. ಹಿಂದಿನ ದಿನವೇ ಎಲ್ಲವನ್ನೂ ಒರೆಸಿ, ಸ್ಪ್ಯಾನರು, ಸುತ್ತಿಗೆ, ಅರಗಳನ್ನು ಮಣೆಯ ಮೇಲೆ ಸಾಲಾಗಿ ಜೋಡಿಸಿ, ಲೇತಿನಲ್ಲಿ ತುಂಡನ್ನು ಕಚ್ಚಿ ತಿರುಗಿಸುವ ಚಕ್ಕಿಗೆ ಚೆಂಡುಹೂವಿನ ಹಾರ ಹಾಕಿ ಅಣಿ ಮಾಡುತ್ತೇವೆ. ಆ ಸಲದ ಆಯುಧಪೂಜೆ ಡಯಾಲಿಸಿಸ್ಸಿನ ದಿನವೂ ಆಗಿತ್ತು. ರಜೆಯಲ್ಲಿ ಬಂದಿದ್ದ ನಮ್ಮೆಜಮಾನರು ಮಾವನನ್ನು ಕರೆದುಕೊಂಡು ಹೋದರು. ನಾನೂ ಅತ್ತೆಯೂ ಹಿತ್ತಲಲ್ಲಿ ಪೂಜೆಯ ಹಿತ್ತಾಳೆ ಸಾಮಾನು ತಿಕ್ಕುತ್ತಾ ಕೂತಿದ್ದೆವು.

"ಆ ಇಂಜಿನ್ ಡಬ್ಬೀನೂ ತಿಕ್ಕಮ್ಮ. ದೇವರ ಮುಂದೆ ಇಡೋದು, ಮಂಕಾಗಿ ಕಾಣುತ್ತೆ" ಎಂದರು ಅತ್ತೆ.

ಹೇಳಿದ್ದು ಅವರು, ಆದರೆ ತಿಕ್ಕಿದ್ದು ನಾನು. ಅದರಲ್ಲಿ ಪಾಲು ಹಂಚಲು ಬರುವುದಿಲ್ಲ. ನಾನು ತಿಕ್ಕಿದ ಚೊಂಬಿನಲ್ಲಿ ಮುಖ ನೋಡಿಕೊಂಡು ತಲೆ ಬಾಚಬಹುದು ಎಂದು ತವರಿನಲ್ಲಿ ನನಗೆ ಹೆಸರಿತ್ತು, ನನಗೂ ಆ ಜಂಬ ಇತ್ತು. ಹುಣಸೆಹಣ್ಣು, ಇಟ್ಟಿಗೆ ಪುಡಿ, ತೆಂಗಿನ ನಾರು. ಸಿಲಿಂಡರನ್ನು ಹೊರಗೆ ತಿಕ್ಕಿದೆ, ಚಿನ್ನದ ಹಾಗೆ ಬಂತು. ಒಳಗೆ ಇನ್ನೂ ಎಣ್ಣೆಯ ಕರೆ ಇತ್ತು. ನಾರನ್ನು ಬೆರಳಿಗೆ ಸುತ್ತಿ ಒಳಗೆ ಹಾಕಿ ಗಿರಗಿರನೆ ತಿರುಗಿಸಿದೆ. ಪಿಸ್ಟನ್ನನ್ನೂ ತಿಕ್ಕಿದೆ. ಮಾವ ಹನ್ನೆರಡು ದಿನ ಪೇಸ್ಟು ಹಾಕಿ ಉಜ್ಜಿದ್ದನ್ನು ಕಣ್ಣಾರೆ ನೋಡಿದ್ದೆನಲ್ಲ, ಉಜ್ಜಿದಷ್ಟೂ ಒಳ್ಳೆಯದೆಂದೇ ನನ್ನ ತಿಳಿವಳಿಕೆ. ಹೊಗೆ ಹಿಡಿದ ದೀಪಾಲೆ ಕಂಬಕ್ಕೂ ಅಷ್ಟು ಬೆವರು ಸುರಿಸಿರಲಿಲ್ಲ. ತೊಳೆದು, ಸೆರಗಲ್ಲಿ ಒರೆಸಿ, ಅರಿಶಿನ ಕುಂಕುಮ ಇಟ್ಟು ಮಣೆಯ ನಡುವೆ ಇಟ್ಟೆ. ಮಾವ ನೋಡಿ ಖುಷಿಪಡುತ್ತಾರೆಂದು ಬಾಗಿಲ ಕಡೆಗೇ ಕಣ್ಣಿಟ್ಟು ಕೂತೆ.

ಅವರು ಬಂದರು. ಕೈಕಾಲು ತೊಳೆದು ಮಂಗಳಾರತಿ ಮಾಡಿದರು, ಕುಂಬಳಕಾಯಿ ಒಡೆದದ್ದಾಯಿತು. ಆಮೇಲೆ ಸಿಲಿಂಡರನ್ನು ಎತ್ತಿಕೊಂಡರು. ಬೆಳಕಿಗೆ ಹಿಡಿದು ಒಳಗೆ ನೋಡಿದರು. ಹಾಗೇ ಬಹಳ ಹೊತ್ತು ನೋಡಿದರು. ತಮ್ಮ ಅಂಗೈಯನ್ನೇ ಕೆಳಗೊತ್ತಿ ಪಿಸ್ಟನ್ ಬಿಟ್ಟರು. ಅದು ಬಾವಿಗೆ ಕಲ್ಲು ಬಿದ್ದಂತೆ ಬಿದ್ದು ಅಂಗೈಗೆ ಬಡಿಯಿತು.

ಆಗ ನನಗೆ ಅರ್ಥವಾಯಿತು. ಬೋರಿನ ಒಳಗೆ ಉದ್ದಕ್ಕೂ ಅಡ್ಡಕ್ಕೂ ಸಣ್ಣ ಸಣ್ಣ ಗೀರುಗಳು, ನನ್ನ ಬೆರಳು ತಿರುಗಿದ ಹಾದಿಗಳು.

"ಚೆನ್ನಾಗಿ ಹೊಳೀತೈತೆ," ಎಂದರು ಮಾವ. ಸಿಲಿಂಡರನ್ನು ಮೊದಲಿದ್ದ ಜಾಗದಲ್ಲೇ ಇಟ್ಟು ಒಳಗೆ ಹೋಗಿ ಮಲಗಿದರು.

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುತ್ತಾರಲ್ಲ, ಆ ದೊಣ್ಣೆ ನಾನಾಗಿದ್ದೆ. ಅತ್ತೆ ಬೆನ್ನು ಸವರಿ, ಅರ್ಧ ತೆಲುಗಿನಲ್ಲಿ, "ಪೋನೀಲೆ ಅಮ್ಮಾ. ಒಂದು ಡಬ್ಬಿ ತಾನೇ, ಹೋಗ್ಲಿ ಬಿಡು" ಎಂದರು. ನಮ್ಮೆಜಮಾನರೂ ಅದನ್ನೇ ಹೇಳಿದರು. ಅವರಿಬ್ಬರ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಬೈದಿದ್ದರೆ ಎದ್ದು ಕೆಲಸ ನೋಡುತ್ತಿದ್ದೆ. ಮಾವ ಬೈಯಲಿಲ್ಲ, ಮಾತೂ ಬಿಡಲಿಲ್ಲ. ಬಸ್ಸಿನಲ್ಲಿ ಜೊತೆಗೇ ಬಂದರು, ಕೊಟ್ಟ ಮಾತ್ರೆ ನುಂಗಿದರು. ವರ್ಕ್‌ಶಾಪಿಗೆ ಮಾತ್ರ ಕಾಲಿಡಲಿಲ್ಲ. ಚಕ್ಕಿಗೆ ಹಾಕಿದ್ದ ಚೆಂಡುಹೂವು ಒಣಗಿ ಉದುರತೊಡಗಿದರೂ ಯಾರೂ ತೆಗೆಯಲಿಲ್ಲ.

ಒಂಬತ್ತನೆಯ ದಿನ ನಾನೇ ಹೋಗಿ ಅವರ ಮಂಚದ ಮುಂದೆ ನಿಂತೆ. "ಮಾವ, ನಾನು ಕೆಡಿಸಿದ್ದನ್ನ ನಾನೇ ಮಾಡ್ತೀನಿ. ಹೇಳಿಕೊಡಿ."

"ಲೇತು ಮುಟ್ಟಿದ್ದೀಯಾ?"

"ಇಲ್ಲ."

ಅವರು ತಮ್ಮ ಕೈಗಳನ್ನು ಎತ್ತಿ ಮುಂದೆ ಹಿಡಿದರು. ಬೆರಳುಗಳು ನಡುಗುತ್ತಿದ್ದವು. ಅದನ್ನು ನನಗೆ ತೋರಿಸಿದರೋ ತಾವೇ ನೋಡಿಕೊಂಡರೋ ತಿಳಿಯಲಿಲ್ಲ. "ಸೀರೆ ಉಟ್ಕೊಂಡು ಬರ್ಬ್ಯಾಡ. ಲೇತು ಸೆರಗು ಬಿಡಲ್ಲ, ಕೂದಲೂ ಬಿಡಲ್ಲ" ಎಂದರು.

ನಮ್ಮೆಜಮಾನರ ಹಳೆಯ ಪ್ಯಾಂಟು ಶರ್ಟು ಹಾಕಿ, ಜಡೆಯನ್ನು ಸುತ್ತಿ ಕಟ್ಟಿ ಹೊರಗೆ ಬಂದಾಗ ಅತ್ತೆ, "ಅಯ್ಯೋ ರಾಮ! ಬೀದಿ ಬಾಗಿಲು ಹಾಕ್ಕೊಳೇ ಅಮ್ಮ" ಎಂದು ತಾವೇ ಓಡಿಹೋಗಿ ಅರ್ಧ ಷಟರ್ ಎಳೆದರು. ಆ ವಾರ ರಜೆಗೆ ಬಂದ ನಮ್ಮೆಜಮಾನರು ನಕ್ಕರು. "ನಂಗೇ ಕೊಡ್ಲಿಲ್ಲ ಕಣೇ ನಮ್ಮಪ್ಪ ಆ ಲೇತಿನ ಹ್ಯಾಂಡ್ಲು" ಎಂದರು. ನಗುವಿನ ಹಿಂದೆ ಸ್ವಲ್ಪ ನೋವೂ ಇತ್ತೇನೋ.

ಉಳಿದದ್ದು ಮೂರು ತುಂಡು ಗನ್ ಮೆಟಲ್. ಮೊದಲು ಅದನ್ನು ಮುಟ್ಟಗೊಡಲಿಲ್ಲ. ಒಂದು ತಿಂಗಳು ಗುಜರಿ ಕಬ್ಬಿಣ, ನೈಲಾನ್ ಸರಳಿನ ಮೇಲೆಯೇ ಕೈ ಪಳಗಿಸಿದರು. ದೀಪಾವಳಿ ಕಳೆದು ಚಳಿ ಹಿಡಿಯಿತು. ಮಾವ ಸ್ವೆಟರ್ ಹಾಕಿ, ಕಿವಿಗೆ ಮಫ್ಲರ್ ಸುತ್ತಿ, ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂರುತ್ತಿದ್ದರು. ನಿದ್ದೆ ಬಂದಿದೆ ಎಂದುಕೊಂಡರೆ, ಲೋಹ ಕೆತ್ತುವ ಟೂಲಿನ ಸದ್ದು ಕೇಳಿಯೇ, "ಟೂಲು ಒದ್ದಾಡ್ತೈತೆ. ಇನ್ನೊಂಚೂರು ಒಳಕ್ಕೆ ಹಿಡಿ" ಎನ್ನುತ್ತಿದ್ದರು. "ಈಗ ತಿನ್ನಕ್ಕೆ ಶುರು ಮಾಡ್ತು. ಬಿಡು, ಬಲವಂತ ಮಾಡ್ಬ್ಯಾಡ." ಹುಳುಮನೆಯಲ್ಲಿ ಬೆಳೆದವರಿಗೆ ಈ ಮಾತು ಹೊಸದಲ್ಲ. ಹುಳು ಸೊಪ್ಪು ತಿನ್ನುವ ಸದ್ದಿನಲ್ಲೇ ಅದರ ಆರೋಗ್ಯ ಹೇಳುತ್ತಿದ್ದ ನನ್ನ ಅಜ್ಜಿ ನೆನಪಾದಳು. ಅಲ್ಲಿಂದ ಕೆಲಸ ಸ್ವಲ್ಪ ಸುಲಭವಾಯಿತು.

ಮೊದಲ ತುಂಡು ಕೆಟ್ಟಿತು. ಬೋರು ಒಂದು ತುದಿಯಲ್ಲಿ ಅಗಲ, ಇನ್ನೊಂದರಲ್ಲಿ ಸಣ್ಣ. ಎರಡನೆಯದು ಕೊನೆಯ ಸುತ್ತಿನಲ್ಲಿ ಕೆಟ್ಟಿತು, ನನ್ನ ಆತುರದಿಂದ. "ಆತುರಗಾರನಿಗೆ ಬುದ್ಧಿ ಮಟ್ಟ" ಎಂದಷ್ಟೇ ಹೇಳಿ ಮಾವ ಎದ್ದುಹೋದರು. ಅವರು ನಡೆಯುವಾಗ ಗೋಡೆ ಹಿಡಿದುಕೊಳ್ಳುವುದನ್ನು ಅವತ್ತು ಮೊದಲ ಸಲ ಗಮನಿಸಿದೆ. ಕಾಲು ಊದಿತ್ತು. ಡಯಾಲಿಸಿಸ್ ಮುಗಿಸಿದ ಮರುದಿನವೂ ಈಗ ಮೊದಲಿನ ಬಲ ಬರುತ್ತಿರಲಿಲ್ಲ. ನನ್ನ ಕಲಿಕೆಗೂ ಅವರ ಕಾಲಕ್ಕೂ ಪೈಪೋಟಿ ಬಿದ್ದಿತ್ತು, ಅದು ಇಬ್ಬರಿಗೂ ಗೊತ್ತಿತ್ತು.

ಅವರೆಕಾಯಿ ಕಾಲ ಬಂತು. ಪರದೆಯ ಆ ಕಡೆ ಅತ್ತೆ ಕಾಳು ಹಿತುಕುತ್ತಾ ಕೂತರೆ ಸೊಗಡಿನ ಘಮ ಈ ಕಡೆಯ ಎಣ್ಣೆ ವಾಸನೆಯ ಜೊತೆ ಸೇರುತ್ತಿತ್ತು. ಮಾವನಿಗೆ ಹಿತುಕಿದಬೇಳೆ ಸಾರು ಪ್ರಾಣ, ಆದರೆ ಡಾಕ್ಟರು ಬೇಡ ಎಂದಿದ್ದರು. ಬರೀ ವಾಸನೆ ಕುಡಿದು, "ಇವತ್ತು ಉಪ್ಪು ಕಮ್ಮಿ ಹಾಕವ್ಳೆ" ಎಂದು ಅಲ್ಲಿಂದಲೇ ಹೇಳುತ್ತಿದ್ದರು. ಅದನ್ನು ಕೇಳಿ ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು.

ಮೂರನೆಯ ತುಂಡನ್ನು ಚಕ್ಕಿಗೆ ಕಟ್ಟಿದ ದಿನ ನಾನು ತಿಂಡಿ ತಿನ್ನಲಿಲ್ಲ. ಎಷ್ಟು ಕಡಿಮೆ ತೆಗೆಯಬಹುದೋ ಅಷ್ಟು ಕಡಿಮೆ ತೆಗೆಯುತ್ತಾ ಐದು ದಿನ ಬೋರ್ ಮಾಡಿದೆ. ಕೊನೆಯ ಅಳತೆಗೆ ಬಂದ ಮೇಲೆ ಹ್ಯಾಂಡಲ್ ಮುಟ್ಟದೆ ಟೂಲನ್ನು ಅದೇ ಜಾಗದಲ್ಲಿ ಮತ್ತೆರಡು ಸಲ ಓಡಿಸು ಎಂದರು ಮಾವ, ಓಡಿಸಿದೆ. ಪಿಸ್ಟನ್ ಕಡೆದೆ. ಆಮೇಲೆ ಪೇಸ್ಟು, ಎಣ್ಣೆ, ಸೀಮೆಎಣ್ಣೆ. ಹದಿನೆಂಟು ದಿನ ಉಜ್ಜಿದೆ. ಆಯುಧಪೂಜೆಯ ದಿನ ನಾನು ಉಜ್ಜಿದ್ದಕ್ಕೂ ಇದಕ್ಕೂ ಏನು ವ್ಯತ್ಯಾಸ ಎಂದು ಪ್ರತಿ ದಿನವೂ ನನ್ನ ಕೈ ನನಗೆ ಹೇಳಿಕೊಡುತ್ತಿತ್ತು. ಕೊನೆಗೆ ಅಂಗೈ ಮುಚ್ಚಿ ಪಿಸ್ಟನ್ ಬಿಟ್ಟಾಗ ಅದು ಮೆಲ್ಲಗೆ ಇಳಿ­ಯಿತು. ಅವರದ್ದರಷ್ಟು ಮೆಲ್ಲಗಲ್ಲ, ಆದರೂ ಇಳಿಯಿತು.

ಮಾವನಿಗೆ ಅದನ್ನು ಕೊಟ್ಟೆ. ಅವರೂ ಬಿಟ್ಟು ನೋಡಿ ವಾಪಸ್ಸು ಕೊಟ್ಟರು. "ನಾಳೆಯಿಂದ ಜೋಡ್ಸು" ಎಂದರು.

ಆದರೆ ಆ ನಾಳೆ ಅವರಿಗೆ ಮನೆಯಲ್ಲಿ ಸಿಗಲಿಲ್ಲ. ಶ್ವಾಸಕೋಶದಲ್ಲಿ ನೀರು ತುಂಬಿಕೊಂಡು ಉಸಿರಾಡಲು ಕಷ್ಟವಾಗಿ ಚಿಕ್ಕಬಳ್ಳಾಪುರದ ಆಸ್ಪತ್ರೆಗೆ ಸೇರಿಸಿದೆವು. ಸಂಕ್ರಾಂತಿಗೆ ಇನ್ನು ಹತ್ತು ದಿನವಿತ್ತು. ನಮ್ಮೆಜಮಾನರು ರಜೆ ಹಾಕಿ ಜೊತೆಗಿದ್ದರು. ಡಾಕ್ಟರು ಅವರನ್ನು ಪಕ್ಕಕ್ಕೆ ಕರೆದು, ದಿನಗಳ ಮಾತು ಎಂದರಂತೆ. ನಾನು ಒಂದು ದಿನ ಆಸ್ಪತ್ರೆ, ಒಂದು ದಿನ ವರ್ಕ್‌ಶಾಪು ಮಾಡುತ್ತಾ ಇಂಜಿನ್ ಜೋಡಿಸಿದೆ. ಕೈಯಲ್ಲಿ ಚಕ್ರ ತಿರುಗಿಸಿದರೆ ಎಲ್ಲೂ ಹಿಡಿಯದೆ ತಿರುಗಿತು. ಇನ್ನು ಬಾಯ್ಲರ್ ಒಂದು ಕೂರಿಸಿದರೆ ಮುಗಿಯಿತು.

ಬೆಂಕಿ ಹಾಕುವ ಮೊದಲು ಬಾಯ್ಲರಿಗೆ ನೀರು ತುಂಬಿ, ಕೈಪಂಪಿನಿಂದ ಒತ್ತಡ ಕೊಟ್ಟು ನೋಡಬೇಕೆಂದು ಮಾವ ಹೇಳಿಕೊಟ್ಟಿದ್ದರು. ಕೊಟ್ಟೆ. ಕೆಳಗಿನ ಬೆಸುಗೆಯಲ್ಲಿ ಸಾಸಿವೆ ಕಾಳಿನಷ್ಟು ನೀರು ಕಾಣಿಸಿಕೊಂಡಿತು. ಒರೆಸಿದೆ, ಮತ್ತೆ ಬಂತು. ಒಂದು ಕಡೆಯಲ್ಲ, ಮೂರು ಕಡೆ. ಆ ಬೆಸುಗೆ ಹಾಕಿದ್ದು ನಾನಲ್ಲ, ಮಾವ. ನಲವತ್ತು ವರ್ಷದಲ್ಲಿ ಅವರ ಕೈ ಸೋತದ್ದು ಅಲ್ಲೊಂದೇ ಕಡೆ ಎಂದು ಕಾಣುತ್ತದೆ. ಅದನ್ನು ಬಿಚ್ಚಿ ಬೆಸೆಯುವ ವಿದ್ಯೆ ನನಗಿರಲಿಲ್ಲ, ದಿನಗಳೂ ಇರಲಿಲ್ಲ. ಸಾಬರ ಶೆಡ್ಡಿನ ಆವಿ ನೆನಪಾಯಿತು, ಮಾವ ಅದಕ್ಕೆ ಹೇಳಿದ ಮಾತೂ ನೆನಪಾಯಿತು. ಎಲ್ಲಕ್ಕಿಂತ ಹೆಚ್ಚಾಗಿ, ನಿಮ್ಮ ಬೆಸುಗೆ ಸೋರುತ್ತಿದೆ ಎಂದು ಹಾಸಿಗೆ ಹಿಡಿದವರಿಗೆ ಹೇಳುವ ಧೈರ್ಯ ನನಗೆ ಬರಲಿಲ್ಲ.

ಹಾಗಾಗಿ ಸುಳ್ಳು ಹೇಳಲು ತೀರ್ಮಾನಿಸಿದೆ. ಪಕ್ಕದ ಮನೆಯ ಗೂಡ್ಸ್ ಆಟೋದ ಸ್ಟೆಪ್ನಿ ಟಯರು ತಂದು, ಗಾಳಿ ತುಂಬಿಸಿ, ಅದರ ಬಾಯಿಂದ ಇಂಜಿನ್ನಿಗೆ ರಬ್ಬರ್ ಪೈಪು ಕೊಟ್ಟೆ. ಗಾಳಿಯಲ್ಲೇ ಇಂಜಿನ್ನಿನ ಚಕ್ರ ತಿರುಗಿತು. ಬೆಳಗಿನ ಹನ್ನೊಂದು ಗಂಟೆಗೆ ಆಸ್ಪತ್ರೆಯಲ್ಲಿದ್ದ ನಮ್ಮೆಜಮಾನರಿಗೆ ಫೋನ್ ಮಾಡಿ, "ಮಾವನ ಕಿವಿ ಹತ್ರ ಇಡಿ" ಎಂದೆ. ಅತ್ತೆ ನಮ್ಮ ಫೋನನ್ನು ಇಂಜಿನ್ನಿನ ಹತ್ತಿರ ಹಿಡಿದುಕೊಂಡು ನಿಂತರು.

"ಮಾವ, ಸ್ಟೀಮ್ ಬಂತು. ಕೇಳಿಸ್ಕೊಳ್ಳಿ" ಎಂದು ಕೂಗಿ ಗಾಳಿ ಬಿಟ್ಟೆ. ಟಕಟಕಟಕ ಎಂದು ಓಡಿತು. ಆ ಕಡೆಯಿಂದ ಉಸಿರೆಳೆಯುವ ಸದ್ದು ಮಾತ್ರ ಬರುತ್ತಿತ್ತು.

"ಗಾಳಿ ಇದು," ಎಂದರು ಮಾವ.

ನಾನು ಅತ್ತೆಯ ಮುಖ ನೋಡಿದೆ.

"ಸ್ಟೀಮ್ ಆಗಿದ್ರೆ ತಣ್ಣಗಿರೋ ಸಿಲಿಂಡ್ರಲ್ಲಿ ಮೊದ್ಲು ನೀರಾಗುತ್ತೆ. ಕೆಮ್ಮುತ್ತೆ, ನೀರು ಕಕ್ಕುತ್ತೆ. ಇದು ಒಣಗಾಳಿ." ಮತ್ತೆ ಉಸಿರು ತೆಗೆದುಕೊಂಡರು. "ಬಾಯ್ಲರ್ ಸೋರ್ತಾ?"

"ಹ್ಞೂಂ ಮಾವ."

"ಕೆಳಗಿನ ಬೆಸುಗೆ."

"ಹೌದು."

"ಗೊತ್ತಿತ್ತು. ಅವತ್ತು ಕೈ ನಡುಗಿತ್ತು. ನೋಡೀನೂ ನೋಡ್ದಂಗೆ ಬಿಟ್ಟೆ." ಆಮೇಲೆ, "ನಿಲ್ಲಿಸ್ಬ್ಯಾಡ, ಓಡ್ಲಿ" ಎಂದರು. ಸ್ಟೆಪ್ನಿಯ ಗಾಳಿ ಮುಗಿಯುವ ತನಕ ಕೇಳಿದರು.

ಮಧ್ಯಾಹ್ನದ ಬಸ್ಸಿಗೆ ಹತ್ತಿ ಆಸ್ಪತ್ರೆಗೆ ಹೋದೆ. ದಾರಿಯುದ್ದಕ್ಕೂ ರಸ್ತೆಯ ಮೇಲೆ ರಾಗಿ ಹರಡಿದ್ದರು, ಬಸ್ಸು ಅದರ ಮೇಲೇ ಮೆಲ್ಲಗೆ ಹೋಗುತ್ತಿತ್ತು. ಇಳಿದು ಓಡೋಣ ಎನಿಸುತ್ತಿತ್ತು ನನಗೆ. ವಾರ್ಡಿನಲ್ಲಿ ಮಾವ ದಿಂಬಿಗೆ ಒರಗಿ ಕೂತಿದ್ದರು, ಮೂಗಿಗೆ ಆಕ್ಸಿಜನ್ ನಳಿಗೆ. ನಮ್ಮೆಜಮಾನರು ಕಾಫಿಗೆಂದು ಹೊರಗೆ ಹೋದ ಮೇಲೆ ಸ್ಟೂಲು ಎಳೆದುಕೊಂಡು ಹತ್ತಿರ ಕೂತೆ. ಮೂರು ತಿಂಗಳಿಂದ ಕೇಳಬೇಕೆಂದಿದ್ದನ್ನು ಕೇಳಿಯೇ ಬಿಟ್ಟೆ.

"ಮಾವ, ನನ್ನ ಮೇಲೆ ಕೋಪ ಇದ್ಯಾ?"

ಅವರು ಸೂರು ನೋಡುತ್ತಿದ್ದರು. ಇಲ್ಲ ಎನ್ನುತ್ತಾರೆ, ಸಾಯುವವರು ಎಲ್ಲರಿಗೂ ಇಲ್ಲ ಎಂದೇ ಹೇಳುತ್ತಾರೆ ಎಂದುಕೊಂಡಿದ್ದೆ.

"ಐತೆ," ಎಂದರು.

ನನ್ನ ಕಡೆ ತಿರುಗಿದರು. "ಐತೆ ಕಣಮ್ಮ. ಆ ಸಿಲಿಂಡರ್ ಚೆನ್ನಾಗಿತ್ತು. ಅಂಥದ್ದು ಇನ್ನೊಂದು ನನ್ನ ಕೈಲೂ ಬರ್ತಿರ್ಲಿಲ್ಲ. ಇಡೀದು ಒಂದು ಮಾಡಣ ಅಂದ್ಕೊಂಡೆ. ಆಗ್ಲಿಲ್ಲ."

ನನಗೆ ಅಳು ಬರಲಿಲ್ಲ. ಎದೆಯ ಮೇಲಿನ ಕಲ್ಲೊಂದನ್ನು ಯಾರೋ ಎತ್ತಿ ಪಕ್ಕಕ್ಕಿಟ್ಟ ಹಾಗಾಯಿತು. ಮನೆಯವರೆಲ್ಲ ಹೋಗಲಿ ಬಿಡು ಎಂದಿದ್ದರು. ಹೋಗಲಿ ಬಿಡುವಂಥದ್ದಲ್ಲ ಅದು ಎಂದು ಈ ಲೋಕದಲ್ಲಿ ಇಬ್ಬರಿಗೆ ಮಾತ್ರ ಗೊತ್ತಿತ್ತು. ಅವರಲ್ಲಿ ಒಬ್ಬರು ಇನ್ನೊಬ್ಬರಿಗೆ ಅದನ್ನು ಈಗ ಬಾಯಿಬಿಟ್ಟು ಹೇಳಿದ್ದರು.

"ಕೋಪ ಐತೆ ಅಂತ ಹೇಳ್ಕೊಡೋದು ಬಿಟ್ನಾ?" ಎಂದರು ಮಾವ. "ಇಲ್ವಲ್ಲ. ಅದು ಬೇರೆ, ಇದು ಬೇರೆ." ಆಮೇಲೆ ಕಣ್ಣು ಮುಚ್ಚಿ, ಕೆಳಗಿನ ಬೆಸುಗೆಯನ್ನು ಹೇಗೆ ಬಿಚ್ಚಬೇಕು, ಎಲ್ಲಿಂದ ಕಾಯಿಸಬೇಕು, ತಾಮ್ರ ಯಾವ ಕೆಂಪಿಗೆ ಬಂದಾಗ ಬೆಳ್ಳಿ ಹರಿಯುತ್ತದೆ ಎಂದು ಹೇಳತೊಡಗಿದರು. ಎರಡು ಮಾತಿಗೊಮ್ಮೆ ಉಸಿರು ಹಿಡಿಯುತ್ತಿತ್ತು. ಬೇಡ ಮಾವ, ಸುಸ್ತಾಗುತ್ತೆ ಎಂದರೂ ನಿಲ್ಲಿಸಲಿಲ್ಲ. ನಮ್ಮೆಜಮಾನರು ಕಾಫಿ ಹಿಡಿದು ಬಂದು ಬಾಗಿಲಲ್ಲೇ ನಿಂತಿದ್ದರು. ಎಲ್ಲ ಹೇಳಿ ಮುಗಿಸಿದ ಮೇಲೆ ಮಾವ, "ನಿಂದೂ ಪರವಾಗಿಲ್ಲ" ಎಂದರು.

ನಾಲ್ಕನೆಯ ದಿನ ಬೆಳಿಗ್ಗೆ ಹೋದರು. ಆ ಸಂಕ್ರಾಂತಿಗೆ ನಮ್ಮ ಮನೆಯಲ್ಲಿ ಎಳ್ಳು ಬೀರಲಿಲ್ಲ.

ಬಾಯ್ಲರಿನ ಬೆಸುಗೆ ನನಗೆ ಕೂಡಿಬಂದದ್ದು ಮೂರನೆಯ ಸಲಕ್ಕೆ, ಯುಗಾದಿ ಕಳೆದ ಮೇಲೆ. ಸಾಬರು, ಅತ್ತೆ, ನಮ್ಮೆಜಮಾನರು ಬೆಂಚಿನ ಸುತ್ತ ನಿಂತಿದ್ದರು. ಆವಿ ಬಿಟ್ಟೆ, ಅದರ ಜೊತೆ ಎಣ್ಣೆ ಕಾಯುವ ವಾಸನೆ ಕೋಣೆ ತುಂಬಿತು. ಇಂಜಿನ್ನು ಓಡಿತು, ಬೆಂಕಿ ಆರುವ ತನಕ ಓಡಿತು. ಸಾಬರು ಎರಡೂ ಕೈ ಎತ್ತಿ ದುವಾ ಮಾಡಿದರು. ಅತ್ತೆ ಪರದೆಯ ಆಚೆ ಹೋಗಿ ಬಹಳ ಹೊತ್ತು ಈಚೆ ಬರಲಿಲ್ಲ.

ಈಗ ವರ್ಕ್‌ಶಾಪು ನನ್ನದು, ಷಟರ್ ಪೂರ್ತಿ ತೆಗೆದಿರುತ್ತದೆ. ಇಂಜಿನ್ನು ಬೀದಿಗೆ ಕಾಣುವ ಹಾಗೆ ಬೆಂಚಿನ ಮೇಲಿದೆ. ಬುಷ್ಷಿಗೆಂದು ಬಂದವರು ಅದನ್ನು ನೋಡಿ, "ಆಚಾರ್ರು ಎಂಥಾ ಕೆಲಸ ಮಾಡವ್ರೆ!" ಎನ್ನುತ್ತಾರೆ. ಸುಮ್ಮನೆ ಹೌದು ಎಂದುಬಿಟ್ಟರೆ ಮಾವನಿಗೆ ಬೇಕಿದ್ದದ್ದು ಹೇಳಿಕೆಯಲ್ಲಾದರೂ ಸಿಕ್ಕಂತಾಗುತ್ತದೆ ಎಂದು ಒಮ್ಮೊಮ್ಮೆ ಅನಿಸುತ್ತದೆ. ಆದರೆ ಫೋನಿನಲ್ಲಿ ಗಾಳಿಯನ್ನೂ ಆವಿಯನ್ನೂ ಬೇರೆ ಮಾಡಿ ಹೇಳಿದ ಮನುಷ್ಯನಿಗೆ ಅಂಥ ದಾನ ಬೇಡ. ಅದಕ್ಕೇ ಬಂದವರನ್ನು ಕೂರಿಸಿ ಇದ್ದದ್ದನ್ನೇ ಹೇಳುತ್ತೇನೆ. ಸಿಲಿಂಡರ್ ಕಡೆದದ್ದು ನಾನು. ಅವರು ಕಡೆದದ್ದನ್ನು ತಿಕ್ಕಿ ಕೆಡಿಸಿದ್ದೂ ನಾನು. ಅವರದ್ದು ಇದಕ್ಕಿಂತ ಚೆನ್ನಾಗಿತ್ತು.